ಕಣ್ಣು ಹಳದಿಯಾಗದ ಕಾಮಾಲೆ

ನಮ್ಮ ಕಡೆ ಕಾಮಾಲೆ ಎಂದರೆ ಕಣ್ಣು ಹಳದಿಯಾಗಬೇಕು, ಉಚ್ಚೆ ಹಳದಿಯಾಗಬೇಕು, ಅನ್ನ ಸೇರಬಾರದು. ಆಗ ಜನ ಸೊಪ್ಪಿನ ರಸ ಕೊಡುವವರನ್ನು ಹುಡುಕಿಕೊಂಡು ಹೋಗುತ್ತಾರೆ, ಎಣ್ಣೆ ಖಾರ ಬಿಡುತ್ತಾರೆ, ಕೆಲವರು ಮುಂಗೈಗೆ ಬರೆ ಹಾಕಿಸಿಕೊಳ್ಳುತ್ತಾರೆ. ಕಣ್ಣು ಬೆಳ್ಳಗಿದ್ದು, ದಿನಾ ಗೇದು ಉಣ್ಣುತ್ತಿರುವ ಮನುಷ್ಯನ ಮುಂದೆ ನಿಂತು, ‘ನಿಮ್ಮ ರಕ್ತದಲ್ಲಿ ಕಾಮಾಲೆ ರೋಗಾಣು ಇದೆ, ಅದು ಎಷ್ಟೋ ವರ್ಷದಿಂದ ನಿಮ್ಮ ಲಿವರನ್ನು ಒಳಗೊಳಗೇ ತಿನ್ನುತ್ತಿದೆ’ ಎಂದು ಹೇಳುವುದು ನನ್ನ ನೌಕರಿಯ ಕೊನೆಯ ವರ್ಷಗಳ ಕೆಲಸವಾಗಿತ್ತು.

ನಾನು ಆರೋಗ್ಯ ಇಲಾಖೆಗೆ ಸಹಾಯಕನಾಗಿ ಸೇರಿ ಹೆಲ್ತ್ ಇನ್‌ಸ್ಪೆಕ್ಟರ್ ಆಗಿ ಹೊರಬಂದವನು. ಕಡೂರು, ತರೀಕೆರೆ, ಅಜ್ಜಂಪುರ ಬಿಟ್ಟು ಬೇರೆ ಕಡೆ ಕೆಲಸ ಮಾಡಿದವನಲ್ಲ. ಈಚೆಗೆ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದು, “ಸಾರ್, ಟ್ರೈನಿಂಗಲ್ಲಿ ರೋಗದ ವಿಚಾರ ಎಲ್ಲಾ ಹೇಳ್ಕೊಟ್ರು. ಜನರ ಹತ್ರ ಹೆಂಗೆ ಮಾತಾಡಬೇಕು ಅಂತ ಹೇಳ್ಕೊಡಲಿಲ್ಲ” ಎಂದರು. ಅದನ್ನು ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಒಂದು ಊರಿನಲ್ಲಿ ನಡೆದದ್ದನ್ನು ಬರೆದಿಡುತ್ತಿದ್ದೇನೆ. ಊರು ಅಜ್ಜಂಪುರದಿಂದ ಬುಕ್ಕಾಂಬುಧಿಯ ಕಡೆಗೆ ಹೋಗುವಾಗ ಒಳಗೆ ತಿರುಗಿದರೆ ಸಿಗುತ್ತದೆ ಎಂದಷ್ಟೇ ಹೇಳುತ್ತೇನೆ. ಅಲ್ಲಿನವರ ಹೆಸರುಗಳನ್ನೂ ಬದಲಿಸಿದ್ದೇನೆ.

ನಾನು ಸೇರಿದ ಕಾಲಕ್ಕೆ ಗಾಜಿನ ಸಿರಿಂಜುಗಳಿದ್ದವು. ಸೀಮೆಎಣ್ಣೆ ಸ್ಟೌವಿನ ಮೇಲೆ ಸ್ಟೀಲಿನ ಡಬ್ಬಿ ಇಟ್ಟು ಸೂಜಿ ಕುದಿಸಬೇಕಿತ್ತು. ಕೆಮ್ಮಣ್ಣುಗುಂಡಿಯ ಕೆಳಗಿನ ಊರುಗಳಿಗೆ ಲಸಿಕೆ ಹಾಕಲು ಹೋದಾಗ ಸೀಮೆಎಣ್ಣೆ ಮುಗಿದರೆ, ನಮ್ಮ ಹಿರಿಯ ಸಿಸ್ಟರ್ ಅಲ್ಲಿಗೇ ಕೆಲಸ ನಿಲ್ಲಿಸಿಬಿಡುತ್ತಿದ್ದರು. ಮಗು ಎತ್ತಿಕೊಂಡು ದೂರದಿಂದ ನಡೆದು ಬಂದ ತಾಯಂದಿರು ಬೈಯುತ್ತಿದ್ದರು. ಸಿಸ್ಟರ್ ಬೈಸಿಕೊಂಡೇ ಡಬ್ಬಿ ಮುಚ್ಚುತ್ತಿದ್ದರು. ಆಮೇಲೆ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಿರಿಂಜು ಬಂತು, ಅದಾದ ಮೇಲೆ ಎರಡನೆಯ ಸಲ ಒತ್ತಲಿಕ್ಕೇ ಬಾರದಂಥದ್ದು ಬಂತು. ಇವೆಲ್ಲ ನಮ್ಮ ಆಸ್ಪತ್ರೆಗಳಿಗೆ ಬಂದವು. ಆಸ್ಪತ್ರೆ ದೂರವಿದ್ದ ಊರುಗಳಲ್ಲಿ ಬೇರೆಯದೇ ನಡೆಯುತ್ತಿತ್ತು. ಅದು ನಮಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಎಷ್ಟು ಹಾನಿಯಾಗಿದೆ ಎನ್ನುವ ಅಂದಾಜು ಯಾರಿಗೂ ಇರಲಿಲ್ಲ.

ಅಂದಾಜು ಸಿಕ್ಕಿದ್ದು ಆ ಊರಿನ ಒಬ್ಬ ಯುವಕನಿಂದ. ಅಕ್ಕನ ಹೆರಿಗೆಗೆ ರಕ್ತ ಬೇಕೆಂದು ಕೊಡಲು ಹೋದವನಿಗೆ, ನಿನ್ನ ರಕ್ತ ತೆಗೆದುಕೊಳ್ಳುವಂತಿಲ್ಲ, ಹೆಪಟೈಟಿಸ್ ಸಿ ಇದೆ ಎಂದರು. ಕುಡಿತವಿಲ್ಲ, ಬೀಡಿಯಿಲ್ಲ, ಒಮ್ಮೆಯೂ ಆಪರೇಷನ್ ಆದವನಲ್ಲ. ಅವನ ತಾಯಿಗೆ ಪರೀಕ್ಷೆ ಮಾಡಿದರೆ ಅವಳಿಗೂ ಇತ್ತು. ಪಕ್ಕದ ಮನೆಯವರಿಗೂ ಇತ್ತು. ನಮ್ಮ ವೈದ್ಯಾಧಿಕಾರಿ ಒಬ್ಬ ಹೆಣ್ಣುಮಗಳು, ಮಾತು ಕಮ್ಮಿ. ಅವರು ಮೂರೂ ರಿಪೋರ್ಟ್ ಮುಂದಿಟ್ಟುಕೊಂಡು, “ಇದು ಒಂದೇ ಸೂಜಿ” ಎಂದರು.

ಊರಿನಲ್ಲಿ ತಪಾಸಣೆ ಶಿಬಿರ ಮಾಡಿದೆವು. ಆ ಶಿಬಿರ ನಾವು ಮಾಡಿದ ಕೆಲಸಗಳಲ್ಲೇ ಅತ್ಯಂತ ಕೆಟ್ಟದ್ದು. ದೇವಸ್ಥಾನದ ಮುಂದೆ ಶಾಮಿಯಾನ, ಮೈಕು, ಬ್ಯಾನರು. ಬೆರಳು ಚುಚ್ಚಿ ಒಂದು ಹನಿ ರಕ್ತ ಪಟ್ಟಿಯ ಮೇಲೆ ಬಿಟ್ಟರೆ, ಸ್ವಲ್ಪ ಹೊತ್ತಿಗೆ ಎರಡು ಗೆರೆ ಬಂದವರಿಗೆ ರೋಗದ ಅನುಮಾನ. ಅವರಿಂದ ಮತ್ತೆ ರಕ್ತ ತೆಗೆದು ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಅವರನ್ನು ಒಬ್ಬೊಬ್ಬರಾಗಿ ಒಳಗೆ ಕರೆಯಬೇಕಿತ್ತು. ನಮ್ಮ ತಂಡದವರೊಬ್ಬರು ಬೇಗ ಮುಗಿಯಲಿ ಎಂದು ಮೈಕು ಹಿಡಿದು, “ಈಗ ಹೆಸರು ಕರೆದವರು ಈ ಕಡೆ ಬಂದು ನಿಲ್ಲಿ” ಎಂದರು. ನಾವು ಹೋಗಿ ಮೈಕು ಕಸಿಯುವಷ್ಟರಲ್ಲಿ ಊರಿಗೆ ಊರೇ ನೋಡಿಯಾಗಿತ್ತು.

ಹಾಗೆ ಕರೆದ ಹೆಸರುಗಳಲ್ಲಿ ಗಿರಿಜಮ್ಮನದೂ ಒಂದು. ಬಸ್ ನಿಲ್ಲುವ ಜಾಗದಲ್ಲಿ ಅವರ ಹೋಟೆಲ್ಲು. ಗಂಡ ಬದುಕಿದ್ದಾಗ ಶುರು ಮಾಡಿದ್ದನ್ನು ಆತ ಹೋದ ಮೇಲೆ ಅವರೇ ನಡೆಸುತ್ತಿದ್ದರು. ಬೆಳಗ್ಗೆ ತಟ್ಟೆ ಇಡ್ಲಿ, ಕೆಂಪು ಚಟ್ನಿ. ಈರುಳ್ಳಿ ಕೀಳುವ ಕಾಲದಲ್ಲಿ ಆಳುಗಳಿಗೆ ಚಿತ್ರಾನ್ನ ಕಟ್ಟಿ ಹೊಲಕ್ಕೇ ಕಳಿಸುತ್ತಿದ್ದರು. ಶಿಬಿರದ ಮಾರನೆಯ ದಿನದಿಂದ ಒಬ್ಬರೂ ಒಳಗೆ ಬರಲಿಲ್ಲ.

ಹೆಪಟೈಟಿಸ್ ಸಿ ಊಟದಿಂದ ಹರಡುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಹರಡುವುದಿಲ್ಲ, ರಕ್ತಕ್ಕೆ ರಕ್ತ ಸೇರಿದರೆ ಮಾತ್ರ. ಇದನ್ನು ಮನೆಮನೆಗೆ ಹೋಗಿ ಹೇಳಿದೆ. ಎಲ್ಲರೂ ತಲೆ ಆಡಿಸಿದರು, ಯಾರೂ ಹೋಟೆಲ್ಲಿಗೆ ಹೋಗಲಿಲ್ಲ. ನಾನೇ ಬೆಳಗ್ಗೆ ಮೊದಲ ಬಸ್ಸಿಗೆ ಹೋಗಿ, ರಸ್ತೆಗೆ ಕಾಣುವ ಬೆಂಚಿನ ಮೇಲೆ ಕೂತು ಇಡ್ಲಿ ತಿನ್ನತೊಡಗಿದೆ. ಕೆಲವು ದಿನ ನೋಡಿದ ಗಿರಿಜಮ್ಮ ಚಟ್ನಿ ಬಡಿಸುತ್ತಾ ಕೇಳಿದರು.

“ನೀವೊಬ್ರು ತಿಂದ್ರೆ ಊರು ತಿಂದಂಗಾಯ್ತಾ ಸ್ವಾಮಿ?”

“ನೋಡಿದೋರಿಗೆ ಧೈರ್ಯ ಬರುತ್ತೆ ಅಂತ ಅಮ್ಮ.”

“ಅವ್ರಿಗೇನು ಧೈರ್ಯ ಬಂದಿಲ್ಲ. ಇನ್‌ಸ್ಪೆಕ್ಟ್ರು ತಪ್ಪು ಮಾಡಿ ದಂಡ ಕಟ್ತಾವ್ರೆ ಅಂತಾವ್ರೆ. ಹಿಟ್ಟು ದಿನಾ ಹುಳಿ ಬತ್ತಾ ಐತೆ. ನಾಳೆಯಿಂದ ನಿಮಗೊಬ್ರಿಗೆ ಅಂತ ನಾನು ರುಬ್ಬಲ್ಲ.”

ಅಷ್ಟು ಹೇಳಿ ಅವರೂ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಹೊರಗೆ ಬಸ್ಸು ಬಂದು ನಿಂತಿತು. ಇಳಿದವರು ಹೋಟೆಲ್ಲಿನ ಕಡೆ ನೋಡದೆ ದಾಟಿ ಹೋದರು. ನಾನು ಆಗ, ಈ ರೋಗ ನಿಮಗೆ ಎಲ್ಲಿಂದ ಬಂದಿರಬಹುದು ಎಂದು ಕೇಳಿದೆ. ಊರಿನಲ್ಲಿ ಎಲ್ಲರನ್ನೂ ಕೇಳಿದ್ದೆ. ಎಲ್ಲರೂ ದೇವರ ಮೇಲೆ, ನೀರಿನ ಮೇಲೆ, ಸಂತೆಯ ಬೋಂಡದ ಮೇಲೆ ಹಾಕಿದ್ದರು.

“ನಿಮಗೆ ಗೊತ್ತಿಲ್ವಾ?” ಎಂದರು ಗಿರಿಜಮ್ಮ. “ಗೊತ್ತಿದ್ದೇ ಕೇಳ್ತಿದೀರಿ. ನನ್ನ ಬಾಯಿಂದ ಹೆಸ್ರು ಬರಲ್ಲ. ನನ್ ಮಗೀಗೆ ಫಿಟ್ಸ್ ಬಂದಾಗ ಆಸ್ಪತ್ರೆ ಬಾಗ್ಲು ಹಾಕಿತ್ತು. ಮಳೇಲಿ ಗಾಡಿ ತಳ್ಕೊಂಡು ಬಂದೋರು ಅವ್ರು.”

ಅವರು ಹೇಳದ ಹೆಸರು ಚನ್ನಬಸಪ್ಪನದು. ಊರಿನವರಿಗೆ ‘ಡಾಕ್ಟ್ರು ಬಸಣ್ಣ’. ಕಡೂರಿನಲ್ಲಿ ಒಬ್ಬ ಖಾಸಗಿ ಡಾಕ್ಟರ ಹತ್ತಿರ ಬಹಳ ಕಾಲ ಕೆಲಸಕ್ಕಿದ್ದು, ಅಲ್ಲಿ ಇಂಜೆಕ್ಷನ್ ಹಾಕುವುದನ್ನು ನೋಡಿ ಕಲಿತವರು. ಆ ಡಾಕ್ಟರು ತೀರಿಕೊಂಡ ಮೇಲೆ ಊರಿಗೆ ವಾಪಸು ಬಂದು ಹಳೆಯ ಲೂನಾದಲ್ಲಿ ಸುತ್ತ ಹಳ್ಳಿಗಳಿಗೆ ಓಡಾಡುತ್ತಿದ್ದರು. ಜ್ವರ, ಕೀಲುನೋವು, ಸುಸ್ತು, ಯಾವುದಕ್ಕಾದರೂ ಒಂದು ಸೂಜಿ. ಕರೆದ ಹೊತ್ತಿಗೆ ಬರುತ್ತಿದ್ದರು, ಕೊಟ್ಟದ್ದನ್ನು ತೆಗೆದುಕೊಳ್ಳುತ್ತಿದ್ದರು, ಯಾರನ್ನೂ ಗದರಿದವರಲ್ಲ. ನಮ್ಮ ಆಸ್ಪತ್ರೆಗಳ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ನಾನು ಯಾವ ಊರಿನಲ್ಲೂ ಕೇಳಿಲ್ಲ.

ಪೊಲೀಸರನ್ನು ಕರೆದುಕೊಂಡು ಹೋಗೋಣ ಎಂದು ನಾನು ಹಟ ಹಿಡಿದೆ. ವೈದ್ಯಾಧಿಕಾರಿ ಮೇಡಂ ಒಪ್ಪಲಿಲ್ಲ.

“ಕೇಸು ಬಿಡೋಕಾಗಲ್ಲ, ನಾನೇ ಬರೀತೀನಿ” ಎಂದರು. “ಆದ್ರೆ ಜೀಪು ಅವರ ಬಾಗಿಲಿಗೆ ಹೋದ ದಿನ ಊರು ಬಾಯಿ ಹೊಲ್ಕೊಳ್ಳುತ್ತೆ. ಆಮೇಲೆ ಯಾರಿಗೆ ರೋಗ ಇದೆ ಅಂತ ನೀವು ಹೆಂಗೆ ಹುಡುಕ್ತೀರಿ? ಮೊದಲು ನೀವೊಬ್ರೇ ಹೋಗಿ ಮಾತಾಡಿ.”

ನನಗೆ ಸಿಟ್ಟು ಬಂದಿತ್ತು. ಆದರೂ ಹೋದೆ.

ಬಸಪ್ಪನವರು ಜಗಲಿಯ ಮೇಲೆ ಹೊದ್ದು ಕೂತಿದ್ದರು. ಅರವತ್ತು ದಾಟಿದ ವಯಸ್ಸು, ಹಣೆಗೆ ವಿಭೂತಿ. ಹೊಟ್ಟೆ ಮುಂದೆ ಬಂದಿತ್ತು, ಪಾದಗಳು ಊದಿ ಹೊಳೆಯುತ್ತಿದ್ದವು. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ನಾನು ಏನೂ ಹೇಳುವ ಮೊದಲೇ, “ಬರ್ತೀರಿ ಅಂತ ಗೊತ್ತಿತ್ತು, ಕೂತ್ಕಳಿ” ಎಂದರು.

ಸೂಜಿ ಹೇಗೆ ಬಳಸುತ್ತಿದ್ದಿರಿ ಎಂದು ಕೇಳಿದೆ.

“ಬಿಸಿನೀರಲ್ಲಿ ತೊಳೀತಿದ್ದೆ. ಮೊಂಡಾದ್ರೆ ಬಿಸಾಕ್ತಿದ್ದೆ.”

“ಮೊಂಡಾಗೋವರೆಗೂ ಅದೇನಾ?”

ಅವರು ಹೊದಿಕೆಯ ಅಂಚು ಎಳೆದು ಪಾದ ಮುಚ್ಚಿಕೊಂಡರು. ಅದಕ್ಕಿಂತ ಹೆಚ್ಚು ಕೇಳುವುದು ಬೇಕಿರಲಿಲ್ಲ. ರೋಗಾಣು ಕಣ್ಣಿಗೆ ಕಾಣದಷ್ಟು ರಕ್ತದಲ್ಲೂ ಬದುಕುತ್ತದೆ, ಬಿಸಿನೀರಿನ ತೊಳೆತಕ್ಕೆ ಸಾಯುವುದಿಲ್ಲ ಎಂದು ವಿವರಿಸಿದೆ. ಶಿಬಿರದಲ್ಲಿ ಎಷ್ಟು ಜನರಿಗೆ ಎರಡು ಗೆರೆ ಬಂತೆಂದು ಹೇಳಿದೆ. ಆಮೇಲೆ ಅವರ ಬೆರಳನ್ನೂ ಚುಚ್ಚಿ ನೋಡಿದೆ. ಅವರಿಗೂ ಇತ್ತು. ಸೂಜಿಗೆ ಮುಚ್ಚಳ ಹಾಕುವಾಗ ಎಷ್ಟು ಸಲ ಕೈಗೆ ಚುಚ್ಚಿಕೊಂಡಿದ್ದರೋ.

ಪಟ್ಟಿಯನ್ನು ಬೆಳಕಿಗೆ ಹಿಡಿದು ಅವರು ಎರಡೂ ಗೆರೆ ನೋಡಿದರು. “ನಂಗೆ ಬಂದಿದ್ದು ಸರಿಯಾಯ್ತು” ಎಂದರು. ಪಟ್ಟಿ ವಾಪಸು ಕೊಟ್ಟು, “ಯಾರ್‍ಯಾರಿಗೆ ಹಾಕಿದೀನಿ ಅನ್ನೋದು ನಂಗೆ ನೆಪ್ಪೈತೆ. ಎಲ್ಲಾ ಮನೇದೂ ಇಲ್ದಿದ್ರೂ ಸುಮಾರು ಮನೇದು ಐತೆ. ನಡೆಯೋಕಾದಷ್ಟು ದಿನ ಕರ್ಕೊಂಡೋಗಿ. ನಾನೇ ಹೇಳ್ತೀನಿ” ಎಂದರು.

ಬ್ಯಾಗನ್ನೂ ಔಷಧಿಗಳನ್ನೂ ಒಪ್ಪಿಸಿದರು. ಮೇಡಂ ಕೇಸು ಬರೆದರು. ಅದು ಕೋರ್ಟಿನಲ್ಲಿ ನಡೆಯುತ್ತಿರುವಾಗಲೇ ನಾವು ಮನೆಮನೆ ತಿರುಗತೊಡಗಿದೆವು. ಗಿರಿಜಮ್ಮನನ್ನು ಜೊತೆಗೆ ಬರುತ್ತೀರಾ ಎಂದು ಕೇಳಿದ್ದು ನಾನೇ. “ಹೋಟ್ಲಲ್ಲಿ ನೊಣ ಹೊಡ್ಯೋದ್ಕಿಂತ ವಾಸಿ” ಎಂದು ಬಾಗಿಲು ಎಳೆದುಕೊಂಡು ಬಂದರು. ನಾನು ರೋಗದ ವಿಷಯ ಹೇಳುವುದಕ್ಕೆ, ಬಸಪ್ಪನವರು ಅದು ಹೇಗೆ ಬಂತೆಂದು ಹೇಳುವುದಕ್ಕೆ. ರೋಗವಿದೆ ಎಂದು ಗೊತ್ತಾದ ಮೇಲೆ ಆ ಮನೆಯವರ ಪಕ್ಕದಲ್ಲಿ ಕೂರುವುದಕ್ಕೆ ಗಿರಿಜಮ್ಮ. ಈಗ ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ, ಅದಕ್ಕೊಂದು ತರಬೇತಿಯೂ ಇದೆ. ಗಿರಿಜಮ್ಮ ಮಾಡುತ್ತಿದ್ದದ್ದು ಇಷ್ಟು: “ನಂಗೂ ಐತೆ. ನೋಡು, ಕೂತಿದೀನಲ್ಲ” ಎನ್ನುತ್ತಿದ್ದರು, ಆಮೇಲೆ ಅವರು ಅಳುವಷ್ಟು ಹೊತ್ತು ಎದ್ದು ಹೋಗುತ್ತಿರಲಿಲ್ಲ.

ಬಸಪ್ಪನವರು ಒಂದೇ ಮಾತನ್ನು ಎಲ್ಲ ಬಾಗಿಲಲ್ಲೂ ಹೇಳುತ್ತಿದ್ದರು. “ನಾನು ಹಾಕಿದ ಸೂಜಿಯಿಂದ ನಿಮಗೆ ಲಿವರ್ ಕಾಯಿಲೆ ಬಂದಿರಬೌದು. ಇವ್ರಿಗೆ ರಕ್ತ ಕೊಡಿ.” ಹೆಚ್ಚಿನ ಮನೆಗಳಲ್ಲಿ ಬೈಯಲಿಲ್ಲ. ಅದೇ ನೋಡುವುದಕ್ಕೆ ಕಷ್ಟವಾಗುತ್ತಿತ್ತು. ಒಬ್ಬ ಅಜ್ಜಿ, “ನೀನು ಬೇಕು ಅಂತ ಮಾಡಿದ್ಯೇನಪ್ಪಾ” ಎಂದು ಮಜ್ಜಿಗೆ ತಂದುಕೊಟ್ಟಳು. ಅವಳಿಗೂ ಎರಡು ಗೆರೆ ಬಂತು. ಬೈಗುಳವನ್ನೆಲ್ಲ ನನಗೆ ಮೀಸಲಿಟ್ಟಿದ್ದರು. ಒಳ್ಳೆಯ ಮನುಷ್ಯನನ್ನು ಬೀದಿಬೀದಿ ಮೆರವಣಿಗೆ ಮಾಡಿಸುತ್ತಿದ್ದೀಯಲ್ಲ ಎಂದರು. ಕೆಲವರು ಅವರ ಮಾತು ಕೇಳಿ ಕೈನೀಡಿದರು. ಕೆಲವರು ಅವರ ಮೇಲಿನ ಪ್ರೀತಿಗೇ ಕೈನೀಡಲಿಲ್ಲ. ರೋಗ ಸಿಕ್ಕರೆ ಅವರ ಮೇಲಿನ ಕೇಸಿಗೆ ಸೇರುತ್ತದೆ ಎಂಬ ಭಯ ಅವರಿಗೆ.

ಓಂಕಾರಪ್ಪನ ಮನೆಗೆ ಹೋದದ್ದು ಒಂದು ಮಧ್ಯಾಹ್ನ. ಕೊಬ್ಬರಿ ವ್ಯಾಪಾರ ಮಾಡುವವನು, ಐವತ್ತರ ಆಸುಪಾಸು. ಅವನ ಹೆಂಡತಿ ಸರೋಜ ಅದರ ಹಿಂದಿನ ವರ್ಷ ತೀರಿಕೊಂಡಿದ್ದಳು. ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ವಾಂತಿಯಾಗಿ ಹೋದಳೆಂದು ಗಿರಿಜಮ್ಮ ದಾರಿಯಲ್ಲಿ ಹೇಳಿದ್ದರು. ಅವಳಿಗೆ ಯಾರೋ ಮಾಟ ಮಾಡಿಸಿದ್ದಾರೆಂದು ಊರಲ್ಲಿ ಮಾತಿತ್ತು. ಓಂಕಾರಪ್ಪ ಅದನ್ನು ನಂಬಿ, ತನ್ನ ಸ್ವಂತ ಅತ್ತಿಗೆಯ ಮೇಲೇ ಅನುಮಾನಪಟ್ಟು, ಅವಳ ಮನೆಗೆ ಹೋಗುವುದನ್ನೇ ಬಿಟ್ಟಿದ್ದ. ಅಂತರಘಟ್ಟೆಯ ದೇವಿಯ ಗುಡಿಗೆ ಹೋಗಿ ಅಮ್ಮನ ಮುಂದೆ ನಿಂತು, ಮಾಡಿಸಿದವರನ್ನು ನೀನೇ ನೋಡಿಕೋ ಎಂದು ಬಂದಿದ್ದನಂತೆ.

ಅವನು ಅಂಗಳದಲ್ಲಿ ಕೊಬ್ಬರಿ ಹರವುತ್ತಿದ್ದ. ಬಸಪ್ಪನವರು ಎಂದಿನ ಮಾತು ಹೇಳಿದರು. ಓಂಕಾರಪ್ಪ ನೆಟ್ಟಗೆ ನಿಂತ.

“ಲಿವರ್ ಕಾಯಿಲೆ ಅಂದ್ರೆ? ಹೆಂಗಿರುತ್ತೆ ಅದು?”

ನಾನು ಬಾಯಿ ತೆರೆಯುವಷ್ಟರಲ್ಲಿ ಬಸಪ್ಪನವರೇ ಹೇಳಿದರು. “ಮೊದ್ಲು ಏನೂ ಗೊತ್ತಾಗಲ್ಲ ಕಣಪ್ಪ. ಆಮೇಲೆ ಕಾಲು ಊದುತ್ತೆ. ಹೊಟ್ಟೇಲಿ ನೀರು ತುಂಬುತ್ತೆ. ಕೊನೇಗೆ ವಾಂತಿ.”

ಓಂಕಾರಪ್ಪ ಅವರ ಹೊಟ್ಟೆಯನ್ನೂ ಕಾಲನ್ನೂ ನೋಡಿದ.

“ಹಂಗಾದ್ರೆ ಸರೋಜಂಗೆ…”

“ಹೂಂ. ಅವಳಿಗೆ ಬಾಣಂತನದಲ್ಲಿ ಸುಸ್ತು ಅಂತ ವಾರಗಟ್ಲೆ ಹಾಕಿದ್ದೆ. ಅದರಿಂದ್ಲೇ ಅನ್ಸುತ್ತೆ.”

“ಕೊನೇಲಿ ಗ್ಲೂಕೋಸ್ ಹಾಕಿದ್ದೂ ನೀನೇ ಬಸಣ್ಣ. ಬೆಳಿಗ್ಗೆಗೆ ಎದ್ದು ಕೂತ್ಕತಾಳೆ ಅಂದಿದ್ದೆ.”

“ಅಂದಿದ್ದೆ.”

ನಾನು ಹೊಡೆದಾಟವಾಗುತ್ತದೆಂದು ಒಂದು ಹೆಜ್ಜೆ ಮುಂದೆ ಬಂದೆ. ಓಂಕಾರಪ್ಪ ಕೈ ಎತ್ತಲಿಲ್ಲ. ಕೊಬ್ಬರಿಯ ಧೂಳು ಹತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಬೆರಳು ನನ್ನ ಮುಂದೆ ಹಿಡಿದ. ಚುಚ್ಚಿದೆ. ಪಟ್ಟಿಯಲ್ಲಿ ಗೆರೆ ಮೂಡುವವರೆಗೆ ನಾವು ನಾಲ್ವರೂ ಬಿಸಿಲಲ್ಲಿ ನಿಂತೇ ಇದ್ದೆವು. ಒಂದೇ ಗೆರೆ ಬಂತು. ರೋಗವಿರಲಿಲ್ಲ.

“ನಂಗಿಲ್ಲ ತಾನೆ? ಇನ್ನು ಈ ಬಾಗ್ಲಿಗೆ ಬರಬೇಡಿ” ಎಂದು ಒಳಗೆ ಹೋದ. ಅವನ ಅಳು ಬೀದಿಯ ತನಕ ಕೇಳುತ್ತಿತ್ತು. ಗಿರಿಜಮ್ಮ ಅಂಗಳದಲ್ಲೇ ಕೂತರು. ಅವನು ಬಾಗಿಲು ತೆಗೆಯಲಿಲ್ಲ, ಅವರೂ ಏಳಲಿಲ್ಲ. ನಾನು ಬಸಪ್ಪನವರನ್ನು ಮನೆಗೆ ಬಿಟ್ಟು ಬಂದಾಗಲೂ ಅವರು ಅಲ್ಲೇ ಇದ್ದರು. ಹರವದೆ ಉಳಿದಿದ್ದ ಕೊಬ್ಬರಿಯನ್ನು ಹರವುತ್ತಿದ್ದರು.

ಹೆಪಟೈಟಿಸ್ ಸಿ ಗುಣವಾಗುವ ಕಾಯಿಲೆ. ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಮೊದಲು ಹೇಳಬೇಕು, ಮಿಕ್ಕದ್ದು ಆಮೇಲೆ. ಹೆಚ್ಚಿನವರಿಗೆ ಮೂರು ತಿಂಗಳ ಮಾತ್ರೆ, ಸರ್ಕಾರದಿಂದಲೇ ಸಿಗುತ್ತದೆ. ಹಿಂದೆ ತಿಂಗಳುಗಟ್ಟಲೆ ಇಂಜೆಕ್ಷನ್ ಹಾಕಿಸಿಕೊಂಡು, ಅದರ ಬಾಧೆಗೆ ಅರ್ಧಕ್ಕೇ ಬಿಟ್ಟವರನ್ನು ನಾನು ನೋಡಿದ್ದೇನೆ. ಈಗ ಕಷ್ಟವಿರುವುದು ಮಾತ್ರೆಯಲ್ಲಲ್ಲ, ಅದನ್ನು ತರುವ ದಾರಿಯಲ್ಲಿ. ಆ ಊರಿನವರು ದೊಡ್ಡಾಸ್ಪತ್ರೆಗೆ ಹೋಗಿ ಬರಬೇಕೆಂದರೆ ಒಂದಿಡೀ ದಿನದ ಕೂಲಿ ಬಿಡಬೇಕು, ಎರಡು ಬಸ್ಸು ಬದಲಾಯಿಸಬೇಕು. ಅಲ್ಲಿ ಯಾವ ಬಾಗಿಲಲ್ಲಿ ನಿಲ್ಲಬೇಕೆಂದು ತಿಳಿಯದೆ ಎಷ್ಟೋ ಜನ ಮೊದಲ ಸಲವೇ ವಾಪಸು ಬರುತ್ತಿದ್ದರು. ಗಿರಿಜಮ್ಮ ಒಂದು ದಿನವನ್ನು ಗೊತ್ತುಮಾಡಿ, ಎಲ್ಲರನ್ನೂ ಒಟ್ಟಿಗೆ ಹೊರಡಿಸತೊಡಗಿದರು. ಬುತ್ತಿ ಅವರೇ ಕಟ್ಟುತ್ತಿದ್ದರು. ರೋಗವಿದ್ದವರು ಮಾತ್ರ ಅವರ ಕೈ ಅಡುಗೆ ಉಣ್ಣುತ್ತಿದ್ದರು. ಬಸ್ಸಿನಲ್ಲಿ ಹಿಂದಿನ ಸೀಟುಗಳಲ್ಲಿ ಕೂತು ಅವರು ಚಿತ್ರಾನ್ನ ಹಂಚಿಕೊಳ್ಳುವುದನ್ನು ನೋಡುವಾಗ, ಮೈಕಿನಲ್ಲಿ ಹೆಸರು ಕೂಗಿ ನಾವು ಬೇರೆ ನಿಲ್ಲಿಸಿದ್ದ ಸಾಲು ಇದೇ ಎಂದು ನನಗೆ ಅನ್ನಿಸುತ್ತಿತ್ತು.

ಬಹುಪಾಲು ಜನರಿಗೆ ಗುಣವಾಯಿತು. ಗಿರಿಜಮ್ಮನಿಗೂ ಆಯಿತು. ರಕ್ತದಲ್ಲಿ ರೋಗಾಣು ಇಲ್ಲ ಎಂಬ ರಿಪೋರ್ಟು ಬಂದ ದಿನ ಅವರು ಒಲೆ ಹೊತ್ತಿಸಿ ಇಡ್ಲಿಗೆ ಇಟ್ಟರು. ಅಂದು ಬಂದವರು ಔಷಧಿ ತೆಗೆದುಕೊಂಡಿದ್ದವರೇ. ಬೇರೆ ಯಾರೂ ಬರಲಿಲ್ಲ. ವರ್ಷ ತುಂಬುವ ಮೊದಲೇ ಹೋಟೆಲ್ಲನ್ನು ಮೊಬೈಲ್ ಅಂಗಡಿಯವನಿಗೆ ಬಿಟ್ಟುಕೊಟ್ಟರು. “ರೋಗ ಹೋಗಕ್ಕೆ ಮೂರು ತಿಂಗ್ಳು ಸಾಕು. ಮಾತು ಹೋಗಕ್ಕೆ ನಾನೇ ಹೋಗಬೇಕು” ಎಂದರು.

ಬಸಪ್ಪನವರೂ ಮಾತ್ರೆ ತೆಗೆದುಕೊಂಡರು. ಅವರಿಗೆ ಹೆಚ್ಚು ತಿಂಗಳು ಬೇಕಾಯಿತು. ರಕ್ತದಿಂದ ರೋಗಾಣು ಹೋಯಿತು, ಆದರೆ ಲಿವರ್ ಉಳಿದಿರಲಿಲ್ಲ. ನಡೆಯುವುದು ನಿಂತ ಮೇಲೆ ಜಗಲಿಯಲ್ಲಿ ಮಲಗಿಕೊಂಡೇ ಮನೆಗಳನ್ನು ನೆನೆಸಿಕೊಂಡು ಹೇಳುತ್ತಿದ್ದರು: ಇಂಥ ಊರು, ಬಾವಿಯ ಪಕ್ಕದ ಮನೆ, ಇಂಥವರ ಸೊಸೆ, ಮಗು ಹುಟ್ಟಿದ್ದಾಗ. ನಾವು ಹೋಗಿ ಹುಡುಕುತ್ತಿದ್ದೆವು. ಕೊನೆಕೊನೆಗೆ ಅವರಿಗೆ ಊರುಗಳು ಕಲೆಸಿಹೋದವು. ಹೇಳಿದ ಬಾವಿ ಇರುತ್ತಿತ್ತು, ಹೇಳಿದ ಮನೆ ಇರುತ್ತಿರಲಿಲ್ಲ. ಒಂದು ದಿನ, “ಒಂದು ಹೆಣ್ಣುಮಗು, ಕೆಂಪು ಲಂಗ, ಎಲ್ಲಿ ಅಂತ ಬತ್ತಾ ಇಲ್ಲ” ಎಂದು ಅಷ್ಟನ್ನೇ ಸಂಜೆಯವರೆಗೂ ಹೇಳಿದರು. ಆ ಮಗು ಈಗ ಯಾವ ಊರಿನಲ್ಲಿ ಸೊಸೆಯಾಗಿದ್ದಾಳೋ ನಮಗೆ ಇವತ್ತಿಗೂ ಗೊತ್ತಿಲ್ಲ.

ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಮುಂಚೆ ಅವರು ತೀರಿಕೊಂಡರು. ಗಿರಿಜಮ್ಮ ಫೋನು ಮಾಡಿದರು. ಹೋಗಿ ನೋಡಿದರೆ ಶವವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಮಠದಿಂದ ಅಯ್ಯನವರು ಬಂದಿದ್ದರು. ಊರಿನವರು ದೂರದಲ್ಲಿ ನಿಂತಿದ್ದರು. ಅವರಿಗೆ ದುಃಖವಿರಲಿಲ್ಲವೆಂದಲ್ಲ, ಕಣ್ಣು ಒರೆಸಿಕೊಳ್ಳುತ್ತಿದ್ದರು. ಆದರೆ ಸಾಯುವಾಗ ಬಾಯಲ್ಲಿ ರಕ್ತ ಬಂದಿತ್ತು, ರಕ್ತದಿಂದ ರೋಗ ಬರುತ್ತದೆ ಎಂದು ಇಷ್ಟು ದಿನ ಕೂಗಿ ಹೇಳಿದವರು ನಾವೇ. ಅವರ ರಕ್ತದಲ್ಲಿ ಈಗ ರೋಗಾಣು ಇಲ್ಲ, ಮುಟ್ಟಿದರೆ ಏನೂ ಆಗುವುದಿಲ್ಲ ಎಂದು ಎಷ್ಟು ಹೇಳಿದರೂ ಒಬ್ಬರೂ ಹತ್ತಿರ ಬರಲಿಲ್ಲ. ಮುಖ ತೊಳೆದು ವಿಭೂತಿ ಹಚ್ಚಿದ್ದು ಗಿರಿಜಮ್ಮ. ಮಾತ್ರೆ ತೆಗೆದುಕೊಂಡಿದ್ದ ನಾಲ್ಕು ಜನ ಹೊತ್ತರು. ಗುಂಡಿ ತೋಡಲು ಯಾರೂ ಹೋಗಿಲ್ಲವೆಂಬುದು ಆಗ ನೆನಪಾಯಿತು.

ಹೊತ್ತುಕೊಂಡು ಹೋದಾಗ ಅಲ್ಲಿ ಗುಂಡಿ ಸಿದ್ಧವಿತ್ತು. ಓಂಕಾರಪ್ಪ ಒಬ್ಬನೇ ಎದೆಮಟ್ಟದ ಗುಂಡಿಯೊಳಗೆ ನಿಂತು ಅಂಚು ಕೆರೆಯುತ್ತಿದ್ದ. ನಮ್ಮನ್ನು ನೋಡಿ ಮೇಲೆ ಹತ್ತಿ ಬಂದ. ಅಯ್ಯನವರ ಶಾಸ್ತ್ರವೆಲ್ಲ ಮುಗಿಯುವ ತನಕ ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ಕೂತಿದ್ದ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದೆವು. ಗಿರಿಜಮ್ಮ ಕರೆದರು, ಅವನು ಬರಲಿಲ್ಲ.

ವಾಪಸು ಬರುವಾಗ ನಾನು ಅವನ ಪಕ್ಕದಲ್ಲಿ ನಡೆದೆ. ಸ್ವಲ್ಪ ದೂರ ಬಂದ ಮೇಲೆ ಅವನೇ ಹೇಳಿದ.

“ಸರೋಜ ಯಾತಕ್ಕೆ ಸತ್ಲು ಅಂತ ಒಬ್ರೂ ಹೇಳಿರ್ಲಿಲ್ಲ ಸ್ವಾಮಿ. ಆಸ್ಪತ್ರೇಲೂ ಹೇಳ್ಲಿಲ್ಲ. ಇವ್ನೊಬ್ನೇ ಬಾಗ್ಲಿಗೆ ಬಂದು ಹೇಳಿದ್ದು. ಅದಕ್ಕೆ ಗುಂಡಿ ತೋಡ್ದೆ. ಮಣ್ಣು ಹಾಕಕ್ಕೆ ನನ್ ಕೈಲಾಗ್ಲಿಲ್ಲ.”

ಊರು ಬಂದಾಗ ಅವನು ತನ್ನ ಮನೆಯ ಕಡೆ ತಿರುಗಲಿಲ್ಲ. ಗುದ್ದಲಿ ಹೆಗಲ ಮೇಲಿಟ್ಟುಕೊಂಡು, ಮೈಯೆಲ್ಲ ಮಣ್ಣಾಗಿದ್ದ ಹಾಗೆಯೇ, ಅತ್ತಿಗೆಯ ಮನೆಯ ಬೀದಿಗೆ ಹೋದ.